ಒಳ್ಳೆ ಆಲ್ಬಂ ಯಾವುದು, ಬರೀ ಇಷ್ಟದ್ದು ಯಾವುದು?

ಅತ್ಯುತ್ತಮ ಆಲ್ಬಂಗಳ ಪಟ್ಟಿ ಮಾಡುವಾಗ ನಿಮಗೆ ಬಾಯಿಪಾಠ ಆಗಿರೋ ಹಾಡುಗಳನ್ನು ಬಿಟ್ಟು ಉಳಿದವನ್ನಷ್ಟೇ ಕೇಳಿ. ಅವೂ ಹಿಡಿದು ಕೂರಿಸಿದರೆ ಅದು ಅತ್ಯುತ್ತಮ; ಬೆರಳು ತಾನಾಗಿ ಮುಂದಿನ ಹಾಡಿಗೆ ಹೋದರೆ ಅದು ಬರೀ ನಿಮ್ಮಿಷ್ಟದ್ದು, ಅದಕ್ಕೆ ಬೇರೆ ಪಟ್ಟಿ ಇಡಿ. ನಮ್ಮ ಮೆಚ್ಚುಗೆ ಸಾಮಾನ್ಯವಾಗಿ ಒಂದೆರಡು ಹಾಡಿಗೆ, ಅವುಗಳ ಜೊತೆಗಿನ ನೆನಪಿಗೆ ಅಂಟಿಕೊಂಡಿರುತ್ತೆ. ಗೆಲ್ಲೋ ಹಾಡನ್ನು ಆಲ್ಬಂನ ಮೊದಲಿಗೇ ಇಡೋ ರೂಢಿಯೂ ಇದೆ, ಹಾಗಾಗಿ ಶುರುವಿನ ಹಾಡಿನಿಂದಲೇ ಅಳೆಯಬೇಡಿ. ಎಲ್‌ಪಿ (ಎರಡೂ ಬದಿಗೆ ಹಾಡಿರೋ ಗ್ರಾಮಫೋನ್ ತಟ್ಟೆ) ಕಾಲದ ಆಲ್ಬಂ ಆದರೆ ಪ್ರತಿ ಬದಿಯ ಕೊನೆಯ ಹಾಡನ್ನು ತಪ್ಪಿಸಬೇಡಿ. ತಟ್ಟೆಯ ನಡುಭಾಗಕ್ಕೆ ಬಂದಂತೆ ಸದ್ದು ಕೊಂಚ ಕೆಡೋದರಿಂದ ಅಲ್ಲಿಗೆ ಮೆಲುದನಿಯ ಹಾಡು ಇಡ್ತಿದ್ದರು, ಎಷ್ಟೋ ಸಲ ಒಳ್ಳೆ ಸರಕು ಅಲ್ಲೇ ಇರುತ್ತೆ. ಆಯ್ದ ಹಾಡುಗಳ ಸಂಕಲನಕ್ಕೆ ಮಾತ್ರ ಈ ಉಪಾಯ ನಡೆಯಲ್ಲ. ಇಡೀ ಆಲ್ಬಂ ಬಾಯಿಪಾಠ ಆಗಿದ್ದರೂ ಅಷ್ಟೇ. ಆಗ ಅದನ್ನು ಕೇಳಿರದ ಗೆಳೆಯರ ಕಿವಿಗೆ ಬಿಡಿ.