ಅಲ್ಪಾವಧಿಯ ದಾಂಪತ್ಯದ ನಂತರ ಜೀವನಾಂಶ ಕೇಳುವ ಬಗೆ

ಮದುವೆ ಕೆಲವೇ ತಿಂಗಳಲ್ಲಿ ಮುರಿದುಬಿದ್ದರೆ ಜೀವನಾಂಶವೇ ಸಿಗದೆಂದು ಮೊದಲೇ ಕೈಚೆಲ್ಲಬೇಕಾಗಿಲ್ಲ. ಆದರೆ ಜೀವನಪರ್ಯಂತದ ನೆರವನ್ನು ನಿರೀಕ್ಷಿಸುವುದೂ ಸಾಮಾನ್ಯವಾಗಿ ವ್ಯರ್ಥ. ನ್ಯಾಯಾಲಯಗಳು ದಾಂಪತ್ಯದ ಅವಧಿಯ ಜೊತೆಗೆ ಕೇಳುವವರ ಅಗತ್ಯ, ಕೊಡುವವರ ಸಾಮರ್ಥ್ಯ, ವಯಸ್ಸು, ಆರೋಗ್ಯ ಇವನ್ನೂ ತೂಗಿನೋಡುತ್ತವೆ. ಆದ್ದರಿಂದ ಮದುವೆಗಾಗಿ ಉದ್ಯೋಗ ಬಿಟ್ಟಿದ್ದರೆ ಅಥವಾ ಓದು ನಿಲ್ಲಿಸಿದ್ದರೆ, ರಾಜೀನಾಮೆ ಪತ್ರ, ಹಿಂದಿನ ವೇತನ ಚೀಟಿ, ಬ್ಯಾಂಕ್ ವಿವರಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ, ಮತ್ತೆ ಸ್ವಂತ ಕಾಲ ಮೇಲೆ ನಿಲ್ಲಲು ಬೇಕಾಗುವ ಸಮಯವನ್ನೂ ಖರ್ಚನ್ನೂ ಲೆಕ್ಕಹಾಕಿ ವಕೀಲರ ಮುಂದಿಡಿ. ಹಟದಿಂದ ಕೇಳಿದ ದೊಡ್ಡ ಮೊತ್ತಕ್ಕಿಂತ ಇಂಥ ಕಾಲಮಿತಿಯ ಬೇಡಿಕೆಗೇ ಹೆಚ್ಚು ಬಲವೆಂಬುದು ನನ್ನ ಅಭಿಪ್ರಾಯ. ಮಧ್ಯಂತರ ಜೀವನಾಂಶದ, ಅಂದರೆ ಪ್ರಕರಣ ಮುಗಿಯುವವರೆಗೆ ಸಿಗುವ ನೆರವಿನ, ಅರ್ಜಿಯನ್ನು ತಡಮಾಡದೆ ಸಲ್ಲಿಸಿ. ಮಗುವಿದ್ದರೆ ಅದರ ಪೋಷಣೆಯ ವೆಚ್ಚ ಬೇರೆಯೇ ವಿಷಯ. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ, ಇಡಿಗಂಟು ಪಡೆದರೆ ಮುಂದಿನ ಹಕ್ಕು ಕೊನೆಗೊಳ್ಳುವುದೇ ಎಂಬುದನ್ನು ಓದಿ ಖಚಿತಪಡಿಸಿಕೊಳ್ಳಿ.