ಸೊಪ್ಪಿನ ಬೆಟ್ಟದಲ್ಲಿ ತಾರೆ ಮರ ಬೆಳೆಸೋದು ಹೇಗೆ?

ಶಿರಸಿ ಕಡೆ ಸೊಪ್ಪಿನ ಬೆಟ್ಟ, ಅಂದ್ರೆ ತೋಟಕ್ಕೆ, ಕೊಟ್ಟಿಗೆಗೆ ಸೊಪ್ಪು ತರೋ ಕಾಡುಜಾಗ ಇದ್ದೋರು ಅಕೇಶಿಯಾ ಬಿಟ್ಟು ಬೇರೆ ಏನು ನೆಡೋದು ಅಂತ ಕೇಳಿದ್ರೆ ನನ್ನ ಓಟು ತಾರೆ ಮರಕ್ಕೆ. ಅಣಲೆ, ನೆಲ್ಲಿ ಜೊತೆ ಸೇರಿ ತ್ರಿಫಲ ಆಗತ್ತಲ್ಲ, ಅದೇ ಕಾಯಿ. ಒಳ್ಳೆ ಜಾಗ ಸಿಕ್ರೆ 30 ಮೀಟರ್‌ವರೆಗೂ ಏರತ್ತೆ, ಹಾಗಾಗಿ ಮನೆ ಹತ್ರ, ಕರೆಂಟ್ ಲೈನ್ ಹತ್ರ ಬೇಡವೇ ಬೇಡ, ಹೂವಿನ ವಾಸನೆನೂ ಅಷ್ಟಕ್ಕಷ್ಟೆ.

ಚಳಿಗಾಲದಲ್ಲಿ ಬುಡಕ್ಕೆ ಬಿದ್ದ ಹಣ್ಣನ್ನೇ ಆರಿಸ್ಕೊಳ್ಳಿ. ಸಣ್ಣ ತೂತಿದ್ರೆ ಒಳಗೆ ಹುಳ ಇದೆ ಅಂತ್ಲೇ ಲೆಕ್ಕ, ಎಸೀರಿ. ತಿರುಳು ಕೆತ್ತಿ ತೆಗೆದು ಗಟ್ಟಿ ಬೀಜ ಒಂದು ದಿನ ನೀರಲ್ಲಿ ನೆನೆಸಿ ಬಿತ್ತಿ, ಹಳೇ ಬೀಜಕ್ಕಿಂತ ಆ ವರ್ಷದ್ದೇ ಚೆನ್ನಾಗಿ ಹುಟ್ಟತ್ತೆ. ಬೀಜ ಬಿತ್ತೋ ಪ್ಲಾಸ್ಟಿಕ್ ಕೊಟ್ಟೆ (ಚೀಲ) ಉದ್ದಂದೇ ಇರ್ಲಿ, ತಾಯಿಬೇರು ನೇರ ಕೆಳಗಿಳಿಯೋ ಜಾತಿ ಇದು, ಗಿಡ್ಡ ಕೊಟ್ಟೇಲಿ ಬೇರು ಸುರುಳಿ ಸುತ್ಕೊಂಡ್ಬಿಡತ್ತೆ. ಮೇಲೊಂದು ಬಲೆ ಹಾಕಿ, ಇಲಿ ಅಳಿಲು ಬೀಜ ಬಿಡಲ್ಲ. ಇಷ್ಟಕ್ಕೆಲ್ಲ ಪುರುಸೊತ್ತಿಲ್ಲ ಅಂದ್ರೆ ಅರಣ್ಯ ಇಲಾಖೆ ನರ್ಸರೀಲಿ ಗಿಡ ಇದ್ಯಾ ಕೇಳಿ.

ಜೂನಲ್ಲಿ ಎರಡು ಮೂರು ದೊಡ್ಡ ಮಳೆ ಬಿದ್ಮೇಲೆ ಒಂದೂವರೆ ಅಡಿ ಗುಂಡಿ, ಗಿಡದಿಂದ ಗಿಡಕ್ಕೆ 25 ಅಡಿ, ಬುಡದಲ್ಲಿ ನೀರು ನಿಲ್ಬಾರ್ದು. ದನ ಬಾಯಿ ಹಾಕತ್ತೆ, ಸುತ್ತ ಮುಳ್ಳು ಕಟ್ಟಿ. ಕಾರವಾರ, ಅಂಕೋಲಾದಲ್ಲಿ ಸಮುದ್ರದ ಪಕ್ಕದ ಮರಳಲ್ಲೇ ಜಾಗ ಇದ್ದೋರು ಇದರ ಬದ್ಲು ಸುರಹೊನ್ನೆ ನೆಟ್ರೆ ಒಳ್ಳೇದು, ಉಪ್ಪುಗಾಳಿಗೆ ಅದು ಜಗ್ಗಲ್ಲ.

ಎಲ್ಲರೂ ಗಾಬರಿಯಾಗೋದು ಮೊದಲ ಬೇಸಿಗೇಲಿ. ಎಲೆ ಹಳದಿಯಾಗಿ ಒಂದೊಂದೇ ಉದುರಿ ಬರೀ ಕೋಲು ನಿಂತಿರತ್ತೆ, ಸತ್ತೇ ಹೋಯ್ತು ಅಂತ ಕಿತ್ತು ಎಸೆಯೋರಿದಾರೆ, ಇಲ್ಲಾ ದಿನಾ ಕೊಡಗಟ್ಟಲೆ ನೀರು ಸುರಿಯೋರಿದಾರೆ. ಎರಡೂ ಬೇಡ ಮಾರಾಯ್ರೆ, ಎಲೆ ಉದುರಿಸೋದೇ ಅದರ ಜಾತಿಗುಣ, ನೀರು ಉಳಿಸ್ಕೊಳ್ಳೋಕೆ. ಅನುಮಾನ ಇದ್ರೆ ಕಾಂಡದ ಸಿಪ್ಪೆ ಉಗುರಲ್ಲಿ ಒಂಚೂರು ಕೆರೆದು ನೋಡಿ, ಒಳಗೆ ಹಸಿರು ಹಸಿಯಾಗಿ ಕಂಡ್ರೆ ಜೀವ ಇದೆ, ಕಂದಾಗಿ ಒಣಗಿದ್ರೆ ಇನ್ನೂ ಕೆಳಗೆ ಬುಡದ ಹತ್ರ ಕೆರೀರಿ, ಅಲ್ಲಿ ಹಸಿರಿದ್ರೂ ಸಾಕು ಮತ್ತೆ ಒಡೆಯತ್ತೆ. ಬುಡಕ್ಕೆ ದರಕು (ಒಣ ಎಲೆ) ಮುಚ್ಚಿ, ಕಾಂಡಕ್ಕೆ ತಾಗಿಸ್ಬೇಡಿ, ವರಲೆ (ಗೆದ್ದಲು) ಹತ್ತತ್ತೆ, ಸುತ್ತ ಒಣಹುಲ್ಲು ಹೆರೆದಿಡಿ, ಬೆಂಕಿ ಬಿದ್ರೆ ಎಳೇ ಗಿಡ ಉಳಿಯೋದು ಕಷ್ಟ.

ಎರಡು ಮೂರು ಬೇಸಿಗೆ ದಾಟಿದ್ರೆ ಆಮೇಲೆ ಅದರ ಪಾಡಿಗೆ ಅದು. ಹಸಿ ಸೊಪ್ಪು ಕಡಿಯೋಕೆ ಮಾತ್ರ ಅವಸರ ಬೇಡ, ಬೆಳೆದ್ಮೇಲೂ ಕೆಳಗಿನ ಟೊಂಗೆ ಅಷ್ಟೇ, ತುದಿ ಮುಟ್ಬೇಡಿ. ಹೇಗೂ ವರ್ಷಾ ವರ್ಷಾ ಬೇಸಿಗೆ ಮುಂಚೆ ಅದೇ ಪೂರ್ತಿ ಉದುರಿಸತ್ತೆ, ಗುಡಿಸಿ ಕೊಟ್ಟಿಗೆಗೆ ಹಾಕ್ಕೊಳ್ಳಿ.