ಗಂಡಿಕೋಟದ ಪೆನ್ನಾ ಕಣಿವೆ: ನಾನು ಫೋಟೊ ತೆಗೆದ ಬಗೆ

ಉಡುಪಿಯವರಿಗೆ ಕಲ್ಲಿನ ಫೋಟೊ ಅಂದರೆ ಮಲ್ಪೆಯಿಂದ ದೋಣಿ ಹತ್ತಿ ಹೋಗುವ ಸೇಂಟ್ ಮೇರೀಸ್ ದ್ವೀಪ. ನಾನೂ ಅಲ್ಲೇ ಕಲಿತವನು. ಅಲ್ಲಿ ಲಾವಾ ಆರಿ ಆದ ಕಂಬಗಳು ನೆಟ್ಟಗೆ ನಿಂತಿವೆ. ಆಂಧ್ರದ ಕಡಪ ಜಿಲ್ಲೆಯ ಗಂಡಿಕೋಟದಲ್ಲಿ ಕಲ್ಲು ಮಲಗಿದೆ. ಪೆನ್ನಾ ನದಿಯ ಎರಡೂ ದಂಡೆಯಲ್ಲಿ ಕೆಂಪು ಬಂಡೆ ಪದರ ಪದರವಾಗಿ, ಮನೆ ಹಿಂದೆ ಅಟ್ಟಿ ಹಾಕಿದ ಮಂಗಳೂರು ಹಂಚಿನ ಹಾಗೆ. ಈ ಪೆನ್ನಾ ಬೇರೆ ಯಾವುದೂ ಅಲ್ಲ, ನಮ್ಮ ನಂದಿಬೆಟ್ಟದ ಕಡೆ ಹುಟ್ಟುವ ಉತ್ತರ ಪಿನಾಕಿನಿ.

ಕೋಟೆಯೊಳಗೆ ಜುಮ್ಮಾ ಮಸೀದಿ ದಾಟಿ ಹೋದರೆ ಕಣಿವೆಯ ಅಂಚು ಸಿಗುತ್ತದೆ. ಸೂರ್ಯೋದಯಕ್ಕೆ ಅಲ್ಲಿ ಜನವೋ ಜನ. ಸೂರ್ಯ ಮೇಲೆ ಬಂದ ಕೂಡಲೇ ಎಲ್ಲರೂ ತಿಂಡಿಗೆ ಹೊರಡುತ್ತಾರೆ. ನನ್ನ ಕೆಲಸ ಶುರುವಾಗುವುದೇ ಆಗ.

ಯಾಕೆ ಅಂದರೆ, ಇದು ಮರಳು ಗಟ್ಟಿಯಾಗಿ ಆದ ಕ್ವಾರ್ಟ್ಜೈಟ್, ನೂರು ಕೋಟಿ ವರ್ಷಕ್ಕಿಂತ ಹಳೆಯದು. ಪದರಗಳ ಬಣ್ಣದಲ್ಲಿ ಅಂಥಾ ವ್ಯತ್ಯಾಸ ಇಲ್ಲ. ಒಂದು ಪದರ ನಾಲ್ಕು ಬೆರಳು ಹೊರಗೆ ಚಾಚಿದ್ದರೆ ಅದರ ಅಡಿಗೆ ಬೀಳುವ ನೆರಳೇ ನಮಗೆ ಕಾಣುವ ಗೆರೆ. ಬಿಸಿಲು ತೀರಾ ತಗ್ಗಿನಲ್ಲಿದ್ದಾಗ ನೆರಳು ಕೆಳಗೆ ಬೀಳುವುದಿಲ್ಲ, ಪಕ್ಕಕ್ಕೆ ಹೋಗುತ್ತದೆ. ಆಗ ಕಾಣುವುದು ಬಂಡೆಯ ಉದ್ದುದ್ದ ಬಿರುಕುಗಳು. ಸುಮಾರು ಒಂದು ಗಂಟೆ ಕಾದರೆ ಅಡ್ಡಗೆರೆಗಳು ಒಂದೊಂದಾಗಿ ಏಳುತ್ತವೆ. ತುಂಬ ಹೊತ್ತು ಮಾಡಿದರೂ ಕಷ್ಟ, ಕಲ್ಲು ಕಾದು ಗಾಳಿ ನಡುಗಲು ಶುರುವಾದರೆ ದೂರದ್ದನ್ನು ಹತ್ತಿರ ತರುವ ಟೆಲಿ ಲೆನ್ಸಿನಲ್ಲಿ ಎಲ್ಲ ಮಸುಕು.

ಹೌದು, ನಾನು ಬಳಸುವುದು ಟೆಲಿ ಲೆನ್ಸೇ, 70-200 ಎಂಎಂ ಜೂಮ್. ವೈಡ್ ಲೆನ್ಸ್‌ನಲ್ಲಿ ನದಿಯ ತಿರುವು ಪೂರ್ತಿ ಸಿಗುತ್ತದೆ, ಆದರೆ ಎದುರಿನ ಗೋಡೆ ಸಣ್ಣದಾಗಿ ಪದರಗಳೇ ಕಳೆದುಹೋಗುತ್ತವೆ. ಅದಕ್ಕೆ ಕ್ಯಾಮೆರಾ ಉದ್ದಕ್ಕೆ ನಿಲ್ಲಿಸಿ, ಎಡದಿಂದ ಬಲಕ್ಕೆ ಹಲವು ಫೋಟೊ, ಒಂದರ ಮೇಲೊಂದು ಮೂರನೇ ಒಂದು ಭಾಗ ಸೇರುವ ಹಾಗೆ ತೆಗೆದು, ಆಮೇಲೆ ಒಂದೇ ಉದ್ದ ಚಿತ್ರವಾಗಿ (ಪನೋರಮಾ) ಜೋಡಿಸುತ್ತೇನೆ. ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಲೆನ್ಸಿನ ಕಿಂಡಿ ಎಫ್ 8. ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್ (ಬಣ್ಣದ ಹದ), ಫೋಕಸ್ ಮೂರೂ ಮ್ಯಾನುಯಲ್, ಇಲ್ಲದಿದ್ದರೆ ಜೋಡಿಸುವಾಗ ಒಂದು ಕಡೆ ಕೆಂಪು, ಒಂದು ಕಡೆ ಹಳದಿ. ಅಂಚಿನಲ್ಲಿ ಗಾಳಿ ಜಾಸ್ತಿ. ಟ್ರೈಪಾಡ್ ತಗ್ಗಿಸಿ ಬ್ಯಾಗ್ ನೇತುಹಾಕುತ್ತೇನೆ.

ಲೆನ್ಸಿನ ಮುಂದೆ ಪೋಲರೈಸರ್ (ಹೊಳಪು ತಗ್ಗಿಸುವ, ತಿರುಗಿಸಬಹುದಾದ ಫಿಲ್ಟರ್) ಹಾಕಿದರೆ ಕಲ್ಲಿನ ಮಿರುಗು ಹೋಗಿ ಬಣ್ಣ ಬರುತ್ತದೆ, ನಿಜ. ಆದರೆ ಪೂರ್ತಿ ತಿರುಗಿಸಿದರೆ ನೀರಿನ ಹೊಳಪೂ ಸತ್ತುಹೋಗುತ್ತದೆ, ಮೇಲಿಂದ ನೋಡಿದರೆ ನದಿ ಹಸಿರು ಕೆಸರಿನ ಪಟ್ಟಿ. ಅರ್ಧಕ್ಕೆ ನಿಲ್ಲಿಸಿ. ಆಕಾಶ ಸೇರಿಸಿ ಪನೋರಮಾ ತೆಗೆಯುವಾಗ ಬಿಚ್ಚಿಯೇ ಬಿಡಿ, ನೀಲಿ ಒಂದೇ ಸಮ ಬರುವುದಿಲ್ಲ.

ಊರಿಗೆ ಬಂದು ತೋರಿಸಿದಾಗ ಗೆಳೆಯರದ್ದು ಒಂದೇ ಮಾತು, “ಕಲರ್ ಸ್ವಲ್ಪ ಎಬ್ಬಿಸಿ ಮಾರಾಯ್ರೆ.” ನಾನು ಎಬ್ಬಿಸುವುದಿಲ್ಲ. ಸ್ಯಾಚುರೇಶನ್ ಏರಿಸಿದರೆ ಕೆಂಪು ಒಂದೇ ಮುದ್ದೆಯಾಗಿ ನೆರಳಿನ ಗೆರೆಗಳನ್ನೇ ನುಂಗುತ್ತದೆ. ಕಾಂಟ್ರಾಸ್ಟ್ ಮಾತ್ರ ತುಸು ಏರಿಸಿ, ಮ್ಯಾಟ್ ಪೇಪರಿನಲ್ಲಿ ಪ್ರಿಂಟ್ ಹಾಕಿಸುತ್ತೇನೆ.